ಪುಸ್ತಕದ ಬೆನ್ನಿನ ಬಟ್ಟೆ

ಹೊಲಿಗೆ ಟೀಚರ ಬೆರಳ ತುದಿಗಳಲ್ಲಿ ಯಾವಾಗಲೂ ಇನ್ನೊಂದು ಚರ್ಮ ಇರುತ್ತಿತ್ತು. ಪುಸ್ತಕಕ್ಕೆ ಹಚ್ಚಿದ ರಬ್ಬರ್ ಮರದ ಹಾಲು ಬೆರಳಲ್ಲೇ ಒಣಗಿ, ತೆಳ್ಳಗೆ, ಹಳದಿಯಾಗಿ ಅಂಟಿಕೊಂಡದ್ದು. ಮಾತಾಡುತ್ತಲೇ ಅದನ್ನು ಉಗುರಿನಿಂದ ಸುಲಿದು, ಉಂಡೆ ಮಾಡಿ ಮೇಜಿನ ಮೂಲೆಯಲ್ಲಿ ಇಡುತ್ತಿದ್ದರು. ಮಕ್ಕಳು ಆ ಉಂಡೆಗಳನ್ನು ಒಟ್ಟು ಹಾಕಿ ಚೆಂಡು ಮಾಡುತ್ತಿದ್ದರು. ಆ ಬೆರಳುಗಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಆಪರೇಶನ್ ಆಗಲಿ ಅಂದುಕೊಂಡೆ. ಹೇಡಿಗೆ ನೆಪಗಳ ಬರಗಾಲ ಇಲ್ಲ. ಈಗ ಟೀಚರ್ ತೀರಿಕೊಂಡಿದ್ದಾರೆ. ನಾನು ಬರೆದದ್ದನ್ನು ಅವರು ಓದಿಬಿಡುತ್ತಾರೆ ಎಂಬ ಹೆದರಿಕೆ ಇಲ್ಲ, ಅದಕ್ಕೇ ಈಗ ಧೈರ್ಯ ಬಂದಿದೆ. ಎಂಥ ಧೈರ್ಯ!

ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನಗೆ ಪಂಪು ರಿಪೇರಿಯ ಅಂಗಡಿ ಇತ್ತು. ಓದಿದ್ದು ಹತ್ತನೇ ತರಗತಿ. ಬೇಸಗೆಯಲ್ಲಿ ಪಂಪು ಕೆಟ್ಟವರಿಗೆಲ್ಲ ನಾನು ಬೇಕಾಗಿದ್ದೆ, ಆದ್ದರಿಂದ ಊರಿನ ಹೈಸ್ಕೂಲಿನ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಅದಕ್ಕೆ ಬೇರೆ ಯೋಗ್ಯತೆ ನನ್ನಲ್ಲಿ ಇರಲಿಲ್ಲ.

ಟೀಚರ ಅಜ್ಜ ಕೇರಳದಿಂದ ಬಂದು ಇಲ್ಲಿ ರಬ್ಬರ್ ತೋಟ ಹಾಕಿದವರು. ಟೀಚರ್ ಹುಟ್ಟಿದ್ದು ಇಲ್ಲೇ. ಮಕ್ಕಳಿಗೆ ಬೈಯುವುದು ತುಳುವಿನಲ್ಲಿ, ಹೊಲಿಗೆ ಮಷಿನಿಗೆ ಬೈಯುವುದು ಮಲಯಾಳದಲ್ಲಿ, ಹೆಡ್‌ಮಾಸ್ಟರರಿಗೆ ಬೈಯಬೇಕಾದರೆ ಒಳ್ಳೆ ಪುಸ್ತಕದ ಕನ್ನಡದಲ್ಲಿ. ಮದುವೆ ಆಗಿರಲಿಲ್ಲ. ಯಾರಾದರೂ ಕೇಳಿದರೆ, "ನನಗೆ ಅಳತೆ ತೆಗೆಯಲಿಕ್ಕೆ ಬರ್ತದೆ, ಅಳತೆ ಕೊಡ್ಲಿಕ್ಕೆ ಬರುದಿಲ್ಲ ಮಾರಾಯ್ರೆ" ಅನ್ನುತ್ತಿದ್ದರು.

ಶಾಲೆಗೆ ಸರಕಾರದಿಂದ ಬಂದ ಮಕ್ಕಳ ಪುಸ್ತಕಗಳು ಕಪಾಟಿನಲ್ಲಿ ಬೀಗದೊಳಗೆ ಇದ್ದವು. ಅವರು ಬೀಗ ತೆಗೆಸಿ, ಎಲ್ಲವನ್ನೂ ಹೊಲಿಗೆ ಕೋಣೆಯ ಬಟ್ಟೆ ಕತ್ತರಿಸುವ ಉದ್ದದ ಮೇಜಿನ ಮೇಲೆ ಹರಡಿದರು. ಪುತ್ತೂರಿಗೆ ಹೋದಾಗಲೆಲ್ಲ ಚೀಲ ತುಂಬ ಹಳೆಯ ಪುಸ್ತಕ ತಂದು ಸೇರಿಸಿದರು. ದೆವ್ವದ ಕಥೆ, ಪತ್ತೇದಾರಿ ಕಥೆ, ಚಂದ್ರನಿಗೆ ಹೋದವರ ಕಥೆ, ಕಾಡುಪ್ರಾಣಿಗಳದ್ದು, ನಗೆಹನಿ, ಹರೆಯದ ಹುಡುಗಿಯರ ಮೈಯಲ್ಲಿ ಆಗುವ ಬದಲಾವಣೆಯದ್ದು ಕೂಡ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಮೇಜಿನ ಸುತ್ತ ಜಾತ್ರೆ.

"ಟೀಚರ್, ಇದು ಎಂಟನೆಯವರಿಗೆ ಆಗ್ತದಾ?"

"ಪುಸ್ತಕಕ್ಕೆ ಎಂತದ್ದು ಎಂಟನೇ, ಒಂಬತ್ತನೇ? ಹಿಡಿಸದಿದ್ರೆ ನಡುವಲ್ಲಿ ಬಿಟ್ಟುಬಿಡು. ನಾನೆಂತ ಪರೀಕ್ಷೆ ಮಾಡ್ಲಿಕ್ಕುಂಟಾ?"

ಒಬ್ಬರಿಗೆ ಎರಡು ಪುಸ್ತಕ. "ಒಂದು ನಿನ್ನ ಇಷ್ಟದ್ದು, ಒಂದು ನನ್ನ ಇಷ್ಟದ್ದು." ಅವರ ಇಷ್ಟದ್ದನ್ನು ಆರಿಸುವ ಮೊದಲು ಮಗುವಿನ ಮುಖವನ್ನು ಅಳತೆ ತೆಗೆಯುವವರ ಹಾಗೆ ನೋಡುತ್ತಿದ್ದರು.

ಹರಿದ ಪುಸ್ತಕಗಳನ್ನು ಅವರೇ ಹೊಲಿದು, ಮನೆಯಿಂದ ತಂದ ರಬ್ಬರ್ ಹಾಲಿನಿಂದ ರಟ್ಟು ಅಂಟಿಸುತ್ತಿದ್ದರು. ಬೆನ್ನಿಗೆ ಬಟ್ಟೆ ಬೇಕಲ್ಲ, ಅದನ್ನು ಮಕ್ಕಳು ತರಬೇಕು. ಹೊಸದು ಕೂಡದು. ಅಮ್ಮನ ಹಳೆ ಸೀರೆಯ ತುಂಡು, ಅಜ್ಜನ ಪಂಚೆ, ತಮ್ಮನ ಅಂಗಿ, ಮನೆಯಲ್ಲಿ ಉಟ್ಟದ್ದೇ ಆಗಬೇಕು. "ನಿನ್ನ ಮನೆಯ ಬಟ್ಟೆ ಉಂಟು ಅಂತ ಗೊತ್ತಿದ್ರೆ ನೀನು ಹರಿಯುದಿಲ್ಲ" ಅನ್ನುತ್ತಿದ್ದರು. ಹಾಗಾಗಿ ಊರಿನ ಮನೆಮನೆಯ ಬಟ್ಟೆ ಆ ಮೇಜಿನ ಮೇಲೆ ಇತ್ತು. ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಸ್ಟು ಹಿಡಿಯದಂತೆ ಅವನ್ನು ತಮ್ಮ ಮನೆಗೆ ಒಯ್ದು, ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಅಟ್ಟದಲ್ಲಿ ಇಡುತ್ತಿದ್ದರು. ಅದರಿಂದ ಎಲ್ಲ ಪುಸ್ತಕಗಳಿಗೂ ಹೊಗೆಯ, ರಬ್ಬರಿನ ಒಂದು ವಾಸನೆ.

ಆ ವಾಸನೆಯೇ ನನಗೆ ಸುಳಿವು ಕೊಟ್ಟದ್ದು.

ನನ್ನ ಹೆಂಡತಿ ಪುತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಮಗಳು ಎಂಟನೇ ತರಗತಿ. ಉತ್ತರಕ್ರಿಯೆಯ ಮರುದಿನವೇ ನಾನು ಕಪಾಟು ಖಾಲಿ ಮಾಡಿದೆ. ಸೀರೆಗಳನ್ನೆಲ್ಲ ಗಂಟು ಕಟ್ಟಿ ಯಾರು ಯಾರಿಗೋ ಕೊಟ್ಟೆ. ಗೋಡೆಯ ಫೋಟೋ ತೆಗೆದೆ. ಮಗಳು ಅತ್ತರೆ, "ಅತ್ತರೆ ಬರ್ತಾಳಾ?" ಎಂದು ಗದರಿಸಿದೆ. ನೋಡಿದರೆ ನನಗೆ ತಡೆಯುವುದಿಲ್ಲ ಎಂದು ನಾನು ಹಾಗೆ ಮಾಡಿದ್ದು. ಮಗಳಿಗೆ ತಡೆಯುತ್ತದೋ ಇಲ್ಲವೋ ಎಂದು ಕೇಳಲಿಲ್ಲ. ಊರವರು, "ಗಂಡಸು ಅಂದ್ರೆ ಹಾಗಿರಬೇಕು, ಗಟ್ಟಿ" ಎಂದರು. ಆ ಹೊಗಳಿಕೆಯನ್ನು ಉಂಡು ಕೊಬ್ಬಿದೆ.

ಮರುವರ್ಷ ಒಂದು ದಿನ ಅವಳ ಹಾಸಿಗೆ ಮಡಚುವಾಗ ಆ ವಾಸನೆ ಬಂತು. ಸುಟ್ಟ ಮೋಟಾರನ್ನು ಬಿಚ್ಚದೆ ಮೂಗಿನಿಂದಲೇ ಹೇಳುವವನು ನಾನು. ತಲೆದಿಂಬಿನ ಒಳಗೆ ಪುಸ್ತಕ. ನಡುವಲ್ಲಿ ಒಂದು ಹೇರ್‌ಪಿನ್ನು ಸಿಕ್ಕಿಸಿತ್ತು. ಆ ಪುಟ ತೆರೆದೆ. ತಾಯಿ ಸತ್ತ ಒಬ್ಬ ಹುಡುಗಿಯ ಕಥೆ. ಅವಳ ಅಪ್ಪ ತಾಯಿಯ ವಸ್ತುಗಳನ್ನೆಲ್ಲ ಮನೆಯಿಂದ ಹೊರಗೆ ಹಾಕುತ್ತಾನೆ. ಹುಡುಗಿ ಹೇಳುತ್ತಾಳೆ: ಅಮ್ಮ ಸತ್ತದ್ದು ಆಸ್ಪತ್ರೆಯಲ್ಲಿ ಅಲ್ಲ, ಅಪ್ಪ ಕಪಾಟು ಖಾಲಿ ಮಾಡಿದ ದಿನ.

ಮೈಯೆಲ್ಲ ಉರಿಯಿತು. ನನ್ನ ಮನೆಯ ಸಂಗತಿ ಆ ಹೊಲಿಗೆಯ ಹೆಂಗಸಿಗೆ ಹೇಗೆ ಗೊತ್ತಾಯಿತು? ನನ್ನ ಮಗಳನ್ನೇ ನನ್ನ ಮೇಲೆ ಎತ್ತಿಕಟ್ಟುತ್ತಾಳಾ? ಹೇರ್‌ಪಿನ್ನಿನಿಂದ ಹಿಂದಕ್ಕೆ ನಾಲ್ಕು ಪುಟ ತಿರುಗಿಸಿ ಓದಿದೆ. ಮುಂದಕ್ಕೆ ತಿರುಗಿಸಲಿಲ್ಲ. ಸೀದ ಬಚ್ಚಲಿಗೆ ಹೋಗಿ ನೀರೊಲೆಗೆ ಹಾಕಿದೆ. ಬೆನ್ನಿಗೆ ನೇರಳೆ ಬಣ್ಣದ ಬಟ್ಟೆ ಇತ್ತು, ಅದರಲ್ಲಿ ಬಿಳಿ ಚುಕ್ಕಿ. ಕಾಗದಕ್ಕಿಂತ ಮೊದಲು ಅದು ಹತ್ತಿಕೊಂಡಿತು. ರಬ್ಬರ್ ಹಾಲು ಕರಗಿ ಕಪ್ಪು ಹೊಗೆ ಎದ್ದು ಮನೆ ತುಂಬ ನಾತ ಹೊಡೆಯಿತು.

ಶಾಲೆಯಿಂದ ಬಂದ ಮಗಳು ಅಂಗಳದಲ್ಲೇ ನಿಂತಳು.

"ಎಂತ ಸುಟ್ಟದ್ದಪ್ಪ?"

"ಹಳೆ ಸೈಕಲ್ ಟ್ಯೂಬು."

ಅವಳು ಬಚ್ಚಲಿಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ಬಂದ ಮೇಲೆ ಅನ್ನ ಬಡಿಸಿದಳು. ಅಂದಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತು: ಊಟ ಆಯ್ತಾ, ಚಾ ಬೇಕಾ, ಬಾಗಿಲು ಹಾಕ್ತೇನೆ.

ಅಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ಮಗಳಿಗೆ, ಇನ್ನು ಹೊಲಿಗೆ ಕೋಣೆಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದೆ. ಮರುವಾರ ಸಮಿತಿಯ ಸಭೆ ಕರೆದೆ. ನಿಜವಾದ ಕಾರಣ ಹೇಳುವ ಗಂಡಸುತನ ಇರಲಿಲ್ಲ. ಆದ್ದರಿಂದ ದೆವ್ವದ ಪುಸ್ತಕ ಹಿಡಿದೆ. ಇದನ್ನು ಓದಿ ಮಕ್ಕಳು ಹೆದರಿ ಜ್ವರ ಬಂದು ಮಲಗುತ್ತಿದ್ದಾರೆ ಎಂದೆ. ಒಂದು ಮಗುವಿಗೂ ಬಂದಿರಲಿಲ್ಲ. ಸುಳ್ಳು ಒಮ್ಮೆ ಹೊರಟರೆ ಊರಲ್ಲಿ ಅದಕ್ಕೆ ನೆಂಟರು ಬೇಗ ಸಿಗುತ್ತಾರೆ.

"ಹೌದು ಮಾರಾಯ್ರೆ, ನನ್ನ ಹುಡುಗ ರಾತ್ರಿ ಹೊರಗೆ ಹೋಗ್ಲಿಕ್ಕೆ ಕೇಳುದಿಲ್ಲ" ಎಂದರು ಒಬ್ಬರು.

"ಪಾಠದ ಪುಸ್ತಕ ಓದ್ಲಿಕ್ಕೇ ಪುರುಸೊತ್ತಿಲ್ಲ, ಇನ್ನು ಇದು ಬೇರೆ!"

ಬಾಗಿಲ ಹತ್ತಿರ ಕೂತಿದ್ದ ಜೀನಸು ಅಂಗಡಿಯವನು, "ಹೊರಗಿಂದ ಬಂದವ್ರಿಗೆ ನಮ್ಮ ಮಕ್ಕಳ ಉಸಾಬರಿ ಎಂತಕ್ಕೆ?" ಎಂದ. ಟೀಚರ್ ಅವನಿಗಿಂತ ಮೊದಲು ಈ ಊರಿನಲ್ಲಿ ಹುಟ್ಟಿದವರು. ನನಗದು ಗೊತ್ತಿತ್ತು. ಸುಮ್ಮನೆ ಕೂತೆ. ಇಲ್ಲ, ಸುಮ್ಮನೆ ಅಲ್ಲ, ನಕ್ಕೆ.

ಟೀಚರ್ ಎದ್ದು ನಿಂತರು. ಬೆರಳಿನ ರಬ್ಬರನ್ನು ಆ ದಿನ ಸುಲಿಯಲಿಲ್ಲ. ನನ್ನನ್ನೇ ನೋಡಿ, "ಅಧ್ಯಕ್ಷರೇ, ಆ ಪುಸ್ತಕವನ್ನು ಸರಿಯಾಗಿ ನೋಡಿದ್ರಾ?" ಎಂದು ಕೇಳಿದರು.

ಉಳಿದವರು ದೆವ್ವದ ಪುಸ್ತಕದ ಬಗ್ಗೆ ಎಂದುಕೊಂಡರು. ಯಾವ ಪುಸ್ತಕ ಎಂದು ನನಗೆ ಗೊತ್ತಾಯಿತು. ಮಗಳು ಅವರಿಗೆ ಹೇಳಿದ್ದಾಳೆ ಎಂದೂ ಗೊತ್ತಾಯಿತು. ಇನ್ನೊಂದು ಮಾತು ಆಡಿದ್ದರೆ ಆ ಸಭೆಯಲ್ಲಿ ನನ್ನ ಬಣ್ಣ ಬಯಲಾಗುತ್ತಿತ್ತು. "ನೋಡಿದ್ದೇನೆ" ಎಂದೆ. ಅವರು ಕೂತುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು, ನನಗೆ.

ಪುಸ್ತಕಗಳು ಕಪಾಟಿಗೆ ಹೋದವು. ಬೀಗದ ಕೈ ಹೆಡ್‌ಮಾಸ್ಟರರ ಮೇಜಿಗೆ ಹೋಯಿತು. ಮೇ ಕೊನೆಗೆ ಟೀಚರ್ ಒಂದೇ ಒಂದು ಬೇಡಿಕೆ ಇಟ್ಟರಂತೆ: ಮಕ್ಕಳಿಗೆ ಕೊಡುವುದು ಬೇಡ, ಮಳೆಗಾಲ ಮುಗಿಯುವವರೆಗೆ ಹೊಗೆಮನೆಯಲ್ಲಿ ಇಡಲು ಬಿಡಿ. ಹೆಡ್‌ಮಾಸ್ಟರರು ನನ್ನನ್ನು ಕೇಳಿದರು. ಬೇಡ ಎಂದೆ. ಯಾಕೆ ಬೇಡ? ಸುಮ್ಮನೆ ಬೇಡ. ಅಧಿಕಾರ ಇತ್ತು, ಬೇಡ ಎಂದೆ. ದಸರಾ ರಜೆಯ ಹೊತ್ತಿಗೆ ಕಪಾಟು ತೆರೆದರೆ ಕೆಳಗಿನ ಎರಡು ಸಾಲು ಗೆದ್ದಲು, ಮೇಲಿನದು ಬೂಸ್ಟು. ಚಂದ್ರನಿಗೆ ಹೋದವರೂ ಪತ್ತೇದಾರರೂ ಒಂದೇ ಮುದ್ದೆ. ಊರಿನ ತಾಯಂದಿರ ಸೀರೆಯ ತುಂಡುಗಳನ್ನು ಜವಾನ ಗುಡಿಸಿ ಹೊರಗೆ ಎಸೆದ. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿ, ತಮ್ಮ ಮಕ್ಕಳು ಮೊಬೈಲು ಬಿಟ್ಟು ಪುಸ್ತಕ ಮುಟ್ಟುವುದಿಲ್ಲ ಎಂದು ನನ್ನ ಮುಂದೆಯೇ ಗೋಳಾಡುತ್ತಾರೆ. ಕಪಾಳಕ್ಕೆ ಹೊಡೆಯಬೇಕು ಅನಿಸುತ್ತದೆ. ಯಾರ ಕಪಾಳಕ್ಕೆ ಎಂದು ನನಗೆ ಗೊತ್ತುಂಟು.

ಕೆಲವು ವರ್ಷಗಳ ನಂತರ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಟೀಚರ್ ಎದುರಾದರು. ನಿವೃತ್ತಿ ಆಗಿತ್ತು. ಕೈಯಲ್ಲಿ ಅದೇ ಚೀಲ, ಬೆರಳಲ್ಲಿ ಅದೇ ಹಳದಿ. ಅವರೇ ಹತ್ತಿರ ಬಂದರು.

"ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು. ಆ ಪುಸ್ತಕದ್ದು. ಎರಡೇ ನಿಮಿಷ, ಕೂತ್ಕೊಳ್ಳಿ."

"ಬಸ್ಸು ಬಂತು ಟೀಚರೇ" ಎಂದೆ. ನಿಜವಾಗಿ ಒಂದು ಬಸ್ಸು ಬಂದಿತ್ತು, ನನ್ನದಲ್ಲ. ಹತ್ತಿಬಿಟ್ಟೆ. ಪುತ್ತೂರಿನಲ್ಲಿ ಇಳಿದು, ಕೆಲಸವಿಲ್ಲದೆ ಒಂದು ಚಾ ಕುಡಿದು, ಮತ್ತೆ ಬಸ್ಸು ಹಿಡಿದು ವಾಪಸು ಬಂದೆ. ಒಬ್ಬ ಹೆಂಗಸಿನ ಎರಡು ನಿಮಿಷಕ್ಕೆ ಹೆದರಿ ಅಷ್ಟು ದೂರ ಓಡಿದವನು ನಾನು.

ಈ ವರ್ಷ ಅವರು ತೀರಿಕೊಂಡಾಗ ಶಾಲೆಯಲ್ಲಿ ನುಡಿನಮನ ಇಟ್ಟರು. ಫೋಟೋಕ್ಕೆ ಹಾರ. "ಹೊರಗಿಂದ ಬಂದವ್ರು" ಎಂದಿದ್ದ ಜೀನಸು ಅಂಗಡಿಯವನು "ನಮ್ಮೂರಿನ ಹೆಮ್ಮೆ" ಎಂದ. ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಸಭೆ ನಡೆಸುವವರು, ಮಾಜಿ ಅಧ್ಯಕ್ಷರು ಎರಡು ಮಾತಾಡಬೇಕು ಎಂದರು. ಮೈಕಿನ ಮುಂದೆ ಹೋದೆ. ಅವರ ಹೆಸರನ್ನು ಬಾಯ್ತುಂಬ ಹೇಳಿದೆ, ಮಕ್ಕಳಿಗೆ ಓದುವ ರುಚಿ ಹಚ್ಚಿದವರು ಎಂದೆ. ತಪ್ಪಾಯಿತು ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಮತ್ತೆ ಚಪ್ಪಾಳೆ.

ಮಗಳು ಅರಂತೋಡಿನ ಗಂಡನ ಮನೆಯಿಂದ ಸಭೆಗೆ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಕೇಳಿದ್ದಳು. ಮನೆಗೆ ಬಂದವಳು ಚಪ್ಪಲಿ ಬಿಡಲಿಲ್ಲ. ಜಗಲಿಯಲ್ಲೇ ನಿಂತು ಕೇಳಿದಳು.

"ಅಪ್ಪ, ಆ ದಿನ ಸುಟ್ಟ ಪುಸ್ತಕದ ಬೆನ್ನಿನ ಬಟ್ಟೆ ನೋಡಿದ್ರಾ ನೀವು?"

"ನೇರಳೆಯದ್ದು. ಬಿಳಿ ಚುಕ್ಕಿ."

"ಅಷ್ಟು ನೆನಪುಂಟಾ? ಅದು ಯಾರದ್ದು ಅಂತ ನೆನಪಿಲ್ವಾ?"

ಅವಳೇ ಹೇಳಿದಳು.

"ಅಮ್ಮನದ್ದು. ನೀವು ಸೀರೆ ಎಲ್ಲ ಕೊಟ್ರಿ. ಅಡಿಗೆ ಕೋಣೆಯಲ್ಲಿ ಪಾತ್ರೆ ಇಳಿಸುವ ಮಸಿಬಟ್ಟೆ ಒಂದು ಉಳಿದಿತ್ತು. ಅಮ್ಮ ಹಳೆ ಸೀರೆ ಹರಿದು ಮಾಡಿದ್ದು. ಅದನ್ನು ಒಗೆದು ಟೀಚರಿಗೆ ಕೊಟ್ಟೆ. ಅವ್ರು ಕೈಯಲ್ಲಿ ಹಿಡಿದ ಕೂಡ್ಲೇ ಹೇಳಿದ್ರು, 'ಇದು ನಿನ್ನ ಅಮ್ಮ ಶಾಲೆಯ ಸಭೆಗೆ ಉಟ್ಕೊಂಡು ಬಂದದ್ದಲ್ವಾ' ಅಂತ. ಆ ಪುಸ್ತಕ ಹುಡುಕಿ ಅದಕ್ಕೇ ಹಾಕಿದ್ರು. ಬೇರೆ ಯಾರಿಗೂ ಕೊಡುದಿಲ್ಲ, ನಿನ್ನತ್ರವೇ ಇರ್ಲಿ ಅಂದ್ರು."

"ಸಭೆಯಲ್ಲಿ ಹೇಳಬಹುದಿತ್ತಲ್ಲ ಅವರು" ಎಂದೆ. ಆಗಲೂ ನನ್ನ ಬಾಯಲ್ಲಿ ಬಂದದ್ದು ಅವರ ತಪ್ಪು!

"ನಾನೇ ಬೇಡ ಅಂದೆ. ಎಲ್ಲರ ಎದುರು ನಿಮ್ಮ ಮರ್ಯಾದೆ ಹೋಗ್ತದೆ ಅಂತ. 'ಒಂದು ದಿನ ನಾನೇ ಅವ್ರಿಗೆ ಮೆಲ್ಲ ಹೇಳ್ತೇನೆ' ಅಂದಿದ್ರು ಟೀಚರ್. ಹೇಳ್ಲೇ ಇಲ್ವಾ?"

ಬಸ್‌ಸ್ಟ್ಯಾಂಡಿನ ಸಂಗತಿ ಹೇಳಿದೆ. ಇಷ್ಟು ವರ್ಷಗಳಲ್ಲಿ ಮಗಳಿಗೆ ನಾನು ಹೇಳಿದ ಮೊದಲ ನಿಜ ಅದು. ಅವಳು ಕೇಳಿಸಿಕೊಂಡಳು. ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಗೇಟಿನ ಹತ್ತಿರ ತಿರುಗಿ, "ಆ ಕಥೆ ಮುಂದೆಂತ ಆಗ್ತದೆ ಅಂತ ನನಗೂ ಗೊತ್ತಿಲ್ಲ ಅಪ್ಪ. ಪಿನ್ನು ಇದ್ದಲ್ಲಿಯವರೆಗೇ ನಾನೂ ಓದಿದ್ದು" ಎಂದಳು.

ಟೀಚರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೈಕಿನಲ್ಲಿ ಅಷ್ಟು ಸಲ ಹೇಳಿ ಎಂಜಲು ಮಾಡಿದ್ದು ಸಾಕು. ವರ್ಷಕ್ಕೆ ಒಂದೆರಡು ಸಲ ಸಭೆಯಲ್ಲಿ ದೂರದಿಂದ ಕಂಡ ಒಂದು ಸೀರೆಯ ಗುರ್ತ ಅವರಿಗೆ ಸಿಕ್ಕಿತು. ನಾನು ಅದೇ ಮಸಿಬಟ್ಟೆ ಹಿಡಿದು ದಿನವೂ ಒಲೆಯಿಂದ ಚಾದ ಪಾತ್ರೆ ಇಳಿಸಿದವನು. ಈಗ ಆ ಸೀರೆ ಉಟ್ಟ ನನ್ನ ಹೆಂಡತಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡುತ್ತೇನೆ. ಬರುವುದಿಲ್ಲ. ಅದು ಉರಿಯುವುದು ಮಾತ್ರ ಕಾಣುತ್ತದೆ.