ಊರಿಗೆ ಹೋಗುವ ಮುಂಚಿನ ತಿಂಗಳು

ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಮೂಡಿದಾಗ ನನಗೆ ಹದಿಮೂರು. ಅವ್ವ ಅದನ್ನು ಕೊಳೆ ಎಂದುಕೊಂಡಳು. ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ಚರ್ಮ ಕೆಂಪಾಯಿತು. ಕಪ್ಪು ಹೋಗಲಿಲ್ಲ.

ಹದಿನಾರು ವರ್ಷದ ಮೇಲೆ, ನಾಗಪುರದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನ ಕೂದಲು ಸರಿಸಿ ಅದನ್ನೇ ನೋಡಿದರು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗಿರಲಿಲ್ಲ; ಅದಕ್ಕೇ ಹೋಗಿದ್ದೆ.

"ಯೇ ಮೈಲ್ ನಹೀ ಹೈ, ಬೇಟಾ," ಅಂದರು. ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ರಿಪೋರ್ಟಿನಲ್ಲಿ ಶುಗರ್ ಇತ್ತು, ಅಂಡಾಶಯದ ತೊಂದರೆ ಪಿಸಿಓಡಿ ಇತ್ತು. ಮೊದಲು ಶುಗರ್ ಇಳಿಯಲಿ, ಆಮೇಲೆ ಮಗುವಿನ ಮಾತು ಎಂದರು.

ಇಪ್ಪತ್ತೊಂಬತ್ತಕ್ಕೇ ಶುಗರ್.

ಪಕ್ಕದಲ್ಲಿದ್ದ ಅವ್ವ ಅಳತೊಡಗಿದಳು.

ಅಪ್ಪ ರೈಲ್ವೆಯಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದವರು. ಪ್ರತಿ ಮೇ ತಿಂಗಳು ನಾವು ಊರಿಗೆ ಹೋಗುತ್ತಿದ್ದೆವು. ಅದರ ಮುಂಚಿನ ತಿಂಗಳು ನನಗೆ ಸುಗ್ಗಿ: ತುಪ್ಪ ಸುರಿದ ಅನ್ನ, ಶೇಂಗಾ ಉಂಡೆ, ಕೆನೆಹಾಲು. ಪರಊರಿಗೆ ಹೋಗಿ ಮಗಳನ್ನು ಸೊರಗಿಸಿದರು ಎಂದು ಯಾರೂ ಆಡಿಕೊಳ್ಳಬಾರದಲ್ಲ! ಸೋದರತ್ತೆ ಗಲ್ಲ ಹಿಂಡಿ "ಚಲೋ ಮೈ ತುಂಬ್ಯಾಳ" ಅಂದರೆ ಅವ್ವನಿಗೆ ವರ್ಷವಿಡೀ ಸಮಾಧಾನ. ಉಳಿದ ತಿಂಗಳೆಲ್ಲ ಶಾಲೆ, ಟ್ಯೂಷನ್, ಟಿವಿ. ದೊಡ್ಡವಳಾದ ಮೇಲೆ ಮೈದಾನಕ್ಕೆ ಹೋಗುವುದೂ ನಿಂತಿತು. ಹುಡುಗಿಯರು "ಮೋಟಿ", ಡುಮ್ಮಿ, ಅಂದರೆ ಮನೆಗೆ ಬಂದು ಅಳುತ್ತಿದ್ದೆ. ಅಳುವ ಮಗಳ ಕೈಗೆ ಮತ್ತೊಂದು ಉಂಡೆ.

ಅವ್ವನ ಮೇಲೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅವಳು ಎರಡು ಓಣಿ ದಾಟಿ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮೈಮೇಲೆ ಇಲಕಲ್ ಸೀರೆ, ಕಾಲಲ್ಲಿ ಅಪ್ಪನ ಕ್ಯಾನ್ವಾಸ್ ಬೂಟು.

"ಜಲ್ದಿ ಬಾರವಾ. ಬಿಸಿಲು ಏರೂದ್ರಾಗ ನಡದು ಬರೋಣು."

ನಗು ತಡೆಯಲಾಗಲಿಲ್ಲ. ಹೊರಟೆ.

ಮಾತ್ರೆ, ನಡಿಗೆ, ಜೋಳದ ರೊಟ್ಟಿ. ತೂಕ ಇಳಿಯುವುದಿಲ್ಲವೆಂದು ಹಟ ಹಿಡಿಯಿತು, ನಾನೂ ಹಿಡಿದೆ. ಒಂದು ವರ್ಷಕ್ಕೆ ಶುಗರ್ ಹತೋಟಿಗೆ ಬಂತು. ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ಡಾಕ್ಟರಮ್ಮ ಹೇಳಿಯೂ ಇಲ್ಲ. ಆದರೆ ಮಗುವಿಗೆ ಒಪ್ಪಿಗೆ ಕೊಟ್ಟರು.

ಈಗ ಏಳನೇ ತಿಂಗಳು.

ಹೋದ ವಾರ ಸೀಮಂತದ ಕುಬಸಕ್ಕೆ ಸೋದರತ್ತೆ ಹುಬ್ಬಳ್ಳಿಯಿಂದ ಬಂದರು. "ಎರಡು ಜೀವದಾಕಿ, ಉಣ್ಣವಾ," ಎನ್ನುತ್ತ ನನ್ನ ಎಲೆಗೆ ಮತ್ತೆರಡು ಹೋಳಿಗೆ ಹಾಕಲು ಬಗ್ಗಿದರು. ಅವ್ವ ಅವರ ಕೈ ಹಿಡಿದಳು.

"ಅಕ್ಕಾರ, ಆಕಿನ್ನ ಕೇಳಿ ಹಾಕ್ರಿ."

ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆಷ್ಟು ಹಸಿವೆಂದು ನನ್ನನ್ನೇ ಕೇಳಿದ್ದು ಈ ಜನ್ಮದಲ್ಲಿ ಅದೇ ಮೊದಲು.

"ಅರ್ಧ ಸಾಕು," ಅಂದೆ. ಸೋದರತ್ತೆ ಮುರಿದು ಅರ್ಧ ಹಾಕಿದರು.