ಬಿಡು ಎನ್ನುವ ಲೆಕ್ಕದ ಮಾಸ್ತರು

ಆದವಾನಿಯ ನಮ್ಮ ಪಡಸಾಲೆಯಲ್ಲಿ ಎಂಸೆಟ್ ಎಂಬ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಲೆಕ್ಕ ಹೇಳಿಕೊಡುವ ಎರ್ರಿಸ್ವಾಮಿ ಮಾಸ್ತರ ಬಾಯಲ್ಲಿ ‘ಮಾಡು’ ಎನ್ನುವ ಮಾತಿಗಿಂತ ‘ಬಿಡು’ ಎನ್ನುವುದೇ ಹೆಚ್ಚು. “ಉದ್ದನ ಲೆಕ್ಕ ಬಿಡ್ರಿ, ಮುಂದಕ್ಕ ನಡೀರಿ, ಟೈಮ್ ಅಯಿಪೋತೋಂದಿ, ಹೊತ್ತು ಮುಗೀತೈತಿ!” ಎಂದು ಕೂಗುತ್ತ ನಾನಿಟ್ಟ ಚಹಾವನ್ನೂ ಆರಲು ಬಿಡುತ್ತಾರೆ. ಹೋದ ವರ್ಷ ಲೆಕ್ಕದಲ್ಲಿ ಮಾರ್ಕು ಸಾಲದೆ ಸೀಟು ಕಳೆದುಕೊಂಡ ನನ್ನ ಮೊಮ್ಮಗಳು ನಾಗಜ್ಯೋತಿ ಹೀಗೆ ಬಿಟ್ಟು ಬಿಟ್ಟೇ ಈಗ ಮಾದರಿ ಪರೀಕ್ಷೆಗಳಲ್ಲಿ ಮಾರ್ಕು ಏರಿಸಿಕೊಂಡಿದ್ದಾಳೆ. ಅದು ಹೇಗೋ ನನಗೆ ತಿಳಿಯದು. ಹತ್ತಿ ಹೊಲದಲ್ಲಿ ನಾವೂ ಒಡೆಯದ ಕಾಯಿ ಬಿಟ್ಟು ಮುಂದೆ ಹೋಗುತ್ತಿದ್ದೆವು, ಆದರೆ ಅವು ಒಡೆದ ಮೇಲೆ ತಿರುಗಿ ಬರುತ್ತಿದ್ದೆವು. “ನೀವು ಬಿಟ್ಟದ್ದಕ್ಕ ಯಾವಾಗ ತಿರುಗಿ ಬರ್ತೀರಪ್ಪ?” ಎಂದು ಕೇಳಿದರೆ, “ಪರೀಕ್ಷಾದಾಗ ಅಷ್ಟು ಹೊತ್ತು ಎಲ್ಲೈತವ್ವ?” ಎಂದು ನಗುತ್ತಾರೆ. ಆದರೆ ಮಕ್ಕಳೆಲ್ಲ ಹೋದಮೇಲೆ, ಬಿಡಿ ಎಂದ ಲೆಕ್ಕವನ್ನೇ ಹಲಗೆಯ ತುಂಬ ನಿಧಾನವಾಗಿ ಬಿಡಿಸಿ, ಕಣ್ತುಂಬ ನೋಡಿ, ಒರೆಸಿ ಹೋಗುತ್ತಾರೆ. ನಿನ್ನೆ ಸಂಜೆ ನಾಗಜ್ಯೋತಿ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದಳು. “ಇದು ಬಿಡೋ ಲೆಕ್ಕಮ್ಮ, ಒಳಗ ಹೋಗು” ಎಂದರು ಮಾಸ್ತರು. “ಒರೆಸಬ್ಯಾಡ್ರಿ ಸಾರ್, ನನಗಿನ್ನಾ ತಿಳಿದಿಲ್ಲ” ಎಂದಳು ಆಕೆ. ಮಾಸ್ತರು ಒರೆಸುವ ಬಟ್ಟೆ ಕೆಳಗಿಟ್ಟು ಮೊದಲಿನಿಂದ ಶುರು ಮಾಡಿದರು. ಬೆಳಗಾದರೆ ಪರೀಕ್ಷೆ. ಇಬ್ಬರನ್ನೂ ಬಯ್ಯಬೇಕೋ, ಇನ್ನೊಮ್ಮೆ ಚಹಾ ಇಡಬೇಕೋ ತಿಳಿಯದೆ ನಾನು ಅಲ್ಲೇ ನಿಂತೆ.