ದೇವರಿಲ್ಲದ ಊರಿಗೆ ಪ್ರವಾಸವಿಲ್ಲ

ನಮ್ಮ ಮನೆಯಲ್ಲಿ ದೇವರಿಲ್ಲದ ಊರಿಗೆ ಯಾರೂ ಪ್ರವಾಸ ಹೋಗುತ್ತಿರಲಿಲ್ಲ. ಹಾಗಂತ ದೇವರನ್ನಷ್ಟೇ ನೋಡಿ ಬರುತ್ತಿದ್ದರೇ? ಅದೂ ಇಲ್ಲ. ಜ್ಯೋತಿಬಾ ದೇವರಿಗೆ ಕಾಯಿ ಒಡೆಸಿ, ಪಕ್ಕದ ಪನ್ಹಾಳ ಕೋಟೆಯ ಮೇಲೆ ಬುತ್ತಿ ಬಿಚ್ಚಿ ಸಂಜೆತನಕ ಕೂಡುತ್ತಿದ್ದರು. ಕೋಟೆಗೆಂದೇ ಹೋಗೋಣ ಅಂದರೆ ಮಾತ್ರ ಅದು ಚೈನಿ, ದುಡ್ಡು ದಂಡ.

ತೊಂಬತ್ತರ ದಶಕ ಶುರುವಾದಾಗ ನಾನು ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ಗೆದ್ದು ಕರೋಶಿಯ ಮನೆಗೆ ತರುತ್ತಿದ್ದೆ. ನಲವತ್ತು ದಾಟಿದ ಅವ್ವ ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ನೋಡುವ ಆಸೆಯನ್ನು ನನ್ನೊಬ್ಬಳಿಗೇ ಹೇಳಿದ್ದಳು. ಅಜ್ಜನ ಅಪ್ಪಣೆ ಪಡೆಯುವ ಕೆಲಸ ನಾನು ಹೊತ್ತೆ.

ಪಡಸಾಲೆಯಲ್ಲಿ ನಿಂತು ಮಂಡಿಸಿದೆ: ಜಗತ್ತಿನಲ್ಲೆಲ್ಲ ಜನ ಮೊದಲು ಯಾತ್ರೆಗೆ ಹೊರಟರು, ಆಮೇಲೆ ರೋಗ ವಾಸಿಯಾಗಲೆಂದು ಬಿಸಿನೀರಿನ ಬುಗ್ಗೆಗಳಿಗೆ, ರೈಲು ಬಂದ ಮೇಲೆ ಕಡಲ ದಂಡೆಗೆ. ನಮ್ಮ ಬಿಸಿಲು ತಾಳದ ಬ್ರಿಟಿಷ್ ಸಾಹೇಬರು ಮಹಾಬಳೇಶ್ವರ ಹತ್ತಿದರು. ವಿಮಾನ ಬಂದ ಮೇಲೆ ಯಾವ ದ್ವೀಪವೂ ದೂರ ಉಳಿಯಲಿಲ್ಲ. ಪ್ರವಾಸದ ಊರುಗಳನ್ನು ದೇವರು ಮಾಡಿದ್ದಲ್ಲ, ದಾರಿ ಮತ್ತು ಬಿಡುವು ಮಾಡಿದ್ದು.

"ಮಹಾಬಳೇಶ್ವರದಾಗ ಮಹಾದೇವ ಅದಾನಲ್ಲ?" ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ.

"ಸಾಹೇಬರು ಅವನ ದರ್ಶನಕ್ಕ ಹೋಗಿರಲಿಲ್ಲಜ್ಜಾ."

"ಅದಕ್ಕ ಅವರು ದೇಶಾ ಬಿಟ್ಟ ಹೋದ್ರು, ಅಂವ ಇನ್ನೂ ಅಲ್ಲೇ ಅದಾನ. ನಿನ್ನ ಸಮುದ್ರದಾಗ ಯಾವ ದೇವರದಾನ, ಅಷ್ಟ ಹೇಳು."

ಗಣಪತಿಪುಳೆಯಲ್ಲಿ ಗುಡಿ ಸಮುದ್ರದ ದಂಡೆಗೇ ಇದೆಯೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ನಂಬದ ದೇವರನ್ನು ಸಾಕ್ಷಿಗೆ ಕರೆದರೆ ಸೋತಂತೆ ಎಂದುಕೊಂಡೆ.

"ಯಾವ ದೇವರೂ ಬ್ಯಾಡ. ಅವ್ವಗ ನೋಡಬೇಕನಸೈತಿ, ಸಾಕಲ್ಲ?"

"ಹಂಗಾರ ಹೋಗೂದ ಬ್ಯಾಡ, ಬಿಡು." ಅಜ್ಜ ಎಲೆ ಮಡಚಿ ಬಾಯಿಗಿಟ್ಟ.

ಆಗ ಅಡುಗೆಮನೆಯ ಬಾಗಿಲಿಂದ ಅವ್ವನ ದನಿ ಬಂತು: "ಗಣಪತಿಪುಳೆಗೆ ಹರಕಿ ಐತ್ರಿ ಮಾವಾರ. ಇಕಿ ಪರೀಕ್ಷಾ ಪಾಸಾಗ್ಲಿ ಅಂತ ಹೊತ್ತಿದ್ದೆ. ಎರಡ ವರ್ಷಾತು, ತೀರಸಾಕ ಆಗಿಲ್ಲ."

ಅಜ್ಜ ನನ್ನತ್ತ ತಿರುಗಿದ. "ಇದನ್ನ ಮೊದಲ ಹೇಳಾಕ ಏನಾಗಿತ್ತ ಬೇ ನಿನಗ? ಜಗತ್ತೆಲ್ಲಾ ಸುತ್ತಿ ಬಂದಿ!"

ಹರಕೆ ಸುಳ್ಳು. ಪಾಸಾಗಿದ್ದು ನಾನು ಓದಿ. ಒಂದೇ ಪ್ರಶ್ನೆಯಿಂದ ಅವ್ವನ ವಾದ ಕೆಡವಬಹುದಿತ್ತು. ಯಾವತ್ತು ಹೊರಡೋದು ಎಂದಷ್ಟೇ ಕೇಳಿದೆ.

ಬಾಡಿಗೆ ಜೀಪಿನಲ್ಲಿ ಹೋದೆವು. ಅವ್ವ ಕಾಯಿ ಒಡೆಸಿ ಹತ್ತು ನಿಮಿಷಕ್ಕೇ ಗುಡಿಯಿಂದ ಹೊರಬಿದ್ದಳು. ಸೀರೆ ಎತ್ತಿ ಹಿಡಿದು ನೀರಿಗಿಳಿದವಳು ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಬರಲಿಲ್ಲ. ಅಜ್ಜನೂ ಧೋತರ ಒದ್ದೆ ಮಾಡಿಕೊಂಡು ಬಂದು ನನ್ನ ಪಕ್ಕ ಮರಳಲ್ಲಿ ಕೂತ.

"ಈ ದಂಡಿ ಹಿಡದ ಹ್ವಾದ್ರ ಮುಂದ ಏನ ಬರತೈತಿ?"

"ತೆಂಕಲ ಕಡೆ ಗೋವಾ."

ಅಜ್ಜ ಧೋತರದ ಅಂಚು ಹಿಂಡಿದ. "ಅಲ್ಲೆ ಮಂಗೇಶ ದೇವರ ಅದಾನಂತಲ್ಲ?"

"ಅದಾನಜ್ಜಾ," ಅಂದೆ.